ಗದಗದ ಕೆಂಪು ಮಣ್ಣಿನಲ್ಲಿ ನನ್ನ ಜೊತೆ ನಿಂತವರಿಗೆ

ಗದಗದ ಹತ್ತಿರ ಕಳೆದ ಶನಿವಾರ, ಭಾನುವಾರ ನಡೆದ ಕ್ರಾಸ್ ಕಂಟ್ರಿ ಮೌಂಟನ್ ಬೈಕ್ ರೇಸ್ ಮುಗಿಸಿ ಊರಿಗೆ ಬಂದಿದ್ದೇನೆ. ಶನಿವಾರ ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವುದು. ಭಾನುವಾರ ಮಾಸ್ ಸ್ಟಾರ್ಟ್, ಅಂದರೆ ಎಲ್ಲರೂ ಒಟ್ಟಿಗೆ ಹೊರಡುವುದು. ಎರಡನ್ನೂ ಪೂರ್ತಿ ಮಾಡಿದೆ. ಕಾಲರ್‌ಬೋನ್ ಮುರಿದುಕೊಂಡು ಮಂಚದ ಮೇಲಿದ್ದಾಗ ಯಾರಾದರೂ ಈ ಮಾತು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಕೆಲವರ ಫೋನ್ ನಂಬರ್ ನನ್ನ ಹತ್ತಿರ ಇಲ್ಲ. ಕೆಲವರ ಹೆಸರೂ ಗೊತ್ತಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು, "ಎಷ್ಟನೇ ಸ್ಥಾನ ಬಂತು?" ಅಂತ ಕೇಳಿದವರಿಗೆ. ಪೋಡಿಯಂ ಸಿಗಲಿಲ್ಲ. ಆದರೆ ನನಗೆ ಬೇಕಿದ್ದದ್ದು ಸಿಕ್ಕಿತು. ಈ ರೇಸ್‌ನಲ್ಲಿ 80 ಪರ್ಸೆಂಟ್ ನಿಯಮ ಅಂತ ಒಂದಿದೆ. ಮುಂದಿರುವವರು ಮೊದಲ ಲ್ಯಾಪ್‌ಗೆ, ಅಂದರೆ ಮೊದಲ ಸುತ್ತಿಗೆ, ಎಷ್ಟು ಸಮಯ ತೆಗೆದುಕೊಂಡರೋ, ಅದರ 80 ಪರ್ಸೆಂಟ್‌ಗಿಂತ ಜಾಸ್ತಿ ನೀವು ಅವರಿಂದ ಹಿಂದೆ ಬಿದ್ದರೆ ರೇಸ್‌ನಿಂದ ಹೊರಗೆ. ಲ್ಯಾಪ್ ಮುಗಿಯುವ ಜಾಗದಲ್ಲಿ ಅಧಿಕಾರಿಗಳು ನಿಂತಿರುತ್ತಾರೆ, ಅಲ್ಲೇ ಪಕ್ಕಕ್ಕೆ ಕರೆಯುತ್ತಾರೆ. ಭಾನುವಾರ ಲೀಡರ್ ಮೊದಲ ಲ್ಯಾಪನ್ನು 15 ನಿಮಿಷದಲ್ಲಿ ಮುಗಿಸಿದಳು. ಅಂದರೆ ನನಗೆ ಇದ್ದದ್ದು 12 ನಿಮಿಷ. ಪ್ರತಿ ಲ್ಯಾಪ್‌ನಲ್ಲೂ ಅದು ಕರಗುತ್ತಾ ಹೋಗುತ್ತದೆ. ಐದು ಲ್ಯಾಪ್ ಓಡಿಸಬೇಕು, ನಾಲ್ಕನೆಯದು ಮುಗಿಯುವಾಗ ಆ 12 ನಿಮಿಷದ ಒಳಗೆ ಇರಬೇಕು. ನಾನು ಇದ್ದೆ. ಮುಂದಿರುವವಳಷ್ಟೇ ಲ್ಯಾಪ್ ನಾನೂ ಓಡಿಸಿದೆ. ನನ್ನ ಮಟ್ಟಿಗೆ ಅದೇ ಗೆಲುವು.

ಅದು ಆಗಿದ್ದು ಹೇಗೆ ಅನ್ನೋದು ನಮ್ಮ ಬಡಾವಣೆಯ ಫಿಸಿಯೋಥೆರಪಿಸ್ಟ್‌ಗೆ ಗೊತ್ತು. ಹೋದ ವರ್ಷ ಮಳೆಗಾಲದಲ್ಲಿ ಬಿದ್ದಾಗ ಎಡಗಡೆ ಮೂಳೆಗೆ ಪ್ಲೇಟ್ ಹಾಕಬೇಕಾಯಿತು. ಕೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ, ಜಡೆ ಹಾಕಿಕೊಳ್ಳೋಕೂ ಆಗುತ್ತಿರಲಿಲ್ಲ. "ಸೈಕಲ್ ಬಿಡಿ, ವಾಕಿಂಗ್ ಮಾಡಿ" ಅಂತ ಹೇಳಿದವರೇ ಜಾಸ್ತಿ. ಇವರು ಹಾಗೆ ಹೇಳಲಿಲ್ಲ. ಸೈಕಲ್ ಮೇಲೆ ನಿಂತು ಕಲ್ಲಿನಿಂದ ಇಳಿಯುವ ವಿಡಿಯೋ ತೋರಿಸಿ ಅಂದರು. ನೋಡಿದರು, ಮತ್ತೆ ನೋಡಿದರು. ಭುಜಕ್ಕೆ ಭಾರ ಯಾವಾಗ ಬೀಳುತ್ತೆ, ಮೊಣಕೈ ಎಷ್ಟು ಮಡಚುತ್ತೆ ಅಂತ ಲೆಕ್ಕ ಹಾಕಿದರು. ಆಮೇಲೆ ರಬ್ಬರ್ ಬ್ಯಾಂಡ್, ಗೋಡೆಗೆ ಕೈ ಕೊಟ್ಟು ತಳ್ಳೋದು, ಪ್ಲ್ಯಾಂಕ್, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸಿದರು. ಭಾನುವಾರ ನಾನು ಇಳಿದ ಒಂದೊಂದು ಡ್ರಾಪ್‌ನಲ್ಲೂ ಅವರ ಪಾಲಿದೆ. ಮೇಡಂ, ಭುಜ ನೋಯುತ್ತಿಲ್ಲ. ಕಾಲು ಮಾತ್ರ ನೋಯುತ್ತಿದೆ.

ಬೆಂಗಳೂರಿನ ತುರಹಳ್ಳಿಯ ಬಂಡೆಗಳ ಹತ್ತಿರ ಬೆಳಗಿನ ಜಾವ ಸೇರುವ ನಮ್ಮ ಗುಂಪಿಗೂ ನಮಸ್ಕಾರ. ನನಗೆ ಧೈರ್ಯ ಬರುವವರೆಗೂ ನೀವು ನಿಧಾನವಾಗಿ ಓಡಿಸಿದ್ದು ನನಗೆ ಗೊತ್ತಾಗಿದೆ.

ಗದಗದಲ್ಲಿ ಎಲ್ಲಿ ಬೆಟ್ಟ ಇದೆ, ಮೌಂಟನ್ ಬೈಕ್ ರೇಸ್ ಮಾಡೋಕೆ ಅಂತ ಸುಮಾರು ಜನ ಕೇಳಿದರು. ಈ ಆಟಕ್ಕೆ ಹಿಮಾಲಯವೇ ಬೇಕು ಅಂತೇನಿಲ್ಲ. 1996ರ ಅಟ್ಲಾಂಟಾದಿಂದ ಇದು ಒಲಿಂಪಿಕ್ಸ್‌ನಲ್ಲಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ರೇಸ್ ನಡೆದದ್ದು ಎಲಾಂಕೂರ್ ಗುಡ್ಡದಲ್ಲಿ, ಅದರ ಎತ್ತರ 231 ಮೀಟರ್ ಅಷ್ಟೇ. ನಾಲ್ಕೈದು ಕಿಲೋಮೀಟರ್‌ನ ಒಂದು ಸುತ್ತು, ಅದರಲ್ಲಿ ಏರು, ಇಳಿಜಾರು, ಕಲ್ಲು, ತಿರುವು. ಇಷ್ಟಿದ್ದರೆ ಸಾಕು. ಗದಗದಲ್ಲಿ ಅದೆಲ್ಲ ಇದೆ. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ಕೂಡ ಅಲ್ಲೇ ನಡೆದಿತ್ತು. ಅದರ ಮೇಲೆ ಕಪ್ಪತಗುಡ್ಡದ ಕಡೆಯ ಗಾಳಿ ಬೇರೆ. ಗಾಳಿಯಂತ್ರಗಳನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲ ಅನ್ನೋದು ಏರಿನಲ್ಲಿ ಗೊತ್ತಾಗುತ್ತದೆ.

ಈಗ ವಿಜಯಪುರ, ಬಾಗಲಕೋಟೆ ಕಡೆಯ ಕ್ರೀಡಾ ಹಾಸ್ಟೆಲ್ ಮಕ್ಕಳ ವಿಷಯ. ಕರ್ನಾಟಕದ ಸೈಕ್ಲಿಂಗ್ ಬೇರು ಇರುವುದು ಅಲ್ಲೇ. ಪ್ರಾಕ್ಟೀಸ್ ದಿನ ಒಂದು ಕಲ್ಲಿನ ಇಳಿಜಾರಿನ ಮುಂದೆ ನಾನು ಸೈಕಲ್ ನಿಲ್ಲಿಸಿ ನೋಡುತ್ತಾ ನಿಂತಿದ್ದೆ. ಸೊಂಟದೆತ್ತರದ ಬಂಡೆ, ಅದರ ಕೆಳಗೆ ಸಡಿಲ ಕಲ್ಲು, ತಕ್ಷಣ ಎಡಕ್ಕೆ ತಿರುವು. ನಾನು ಬಿದ್ದ ಜಾಗವೂ ಹೆಚ್ಚು ಕಡಿಮೆ ಹೀಗೇ ಇತ್ತು. ಹಿಂದಿನಿಂದ ಬಂದ ಜೂನಿಯರ್ ಹುಡುಗಿ ಸೈಕಲ್ ಒರಗಿಸಿ ಕೆಳಗಿಳಿದಳು. "ಅಕ್ಕಾರ, ಎಡಕ ಬರಬ್ಯಾಡ್ರಿ. ಬಲಗಡಿ ಆ ಬಿಳಿ ಕಲ್ಲ ಐತಲ್ರಿ, ಅದರ ಬಾಜೂಕ ಬರ್ರಿ. ಕಲ್ಲ ನೋಡಬ್ಯಾಡ್ರಿ, ಕಲ್ಲ ದಾಟಿದ ಮ್ಯಾಲಿನ ದಾರಿ ನೋಡ್ರಿ" ಅಂದಳು. ಆಮೇಲೆ ಬಿಳಿ ಕಲ್ಲಿನ ಪಕ್ಕ ತಾನೇ ನಿಂತುಕೊಂಡಳು, ನಾನು ಇಳಿಯುವವರೆಗೂ ಕದಲಲಿಲ್ಲ. ಅವಳಿಗೂ ಅದು ಪ್ರಾಕ್ಟೀಸ್ ಸಮಯ. ಅದನ್ನು ನನಗೆ ಕೊಟ್ಟಳು. ಮರುದಿನ ಅವಳು ಆ ಬಂಡೆ ಇಳಿದದ್ದನ್ನು ನೋಡಿದೆ. ಬ್ರೇಕ್ ಮುಟ್ಟಲೇ ಇಲ್ಲ. ಎಷ್ಟು ಚಂದ!

ಶನಿವಾರ ಟೈಮ್ ಟ್ರಯಲ್ ಮುಗಿದ ಮೇಲೆ ಗೇರ್ ಬೀಳುವುದು ನಿಂತಿತು. ಕಲ್ಲಿಗೆ ತಾಗಿ ಡಿರೇಲರ್ ಹ್ಯಾಂಗರ್ ಬಾಗಿತ್ತು. ಗೇರ್ ಬದಲಿಸುವ ಡಿರೇಲರ್ ಅನ್ನು ಫ್ರೇಮಿಗೆ ಸೇರಿಸುವ, ಕಿರುಬೆರಳಿನಷ್ಟು ಅಲ್ಯೂಮಿನಿಯಂ ತುಂಡು ಅದು. ಆದರೆ ಒಂದೊಂದು ಫ್ರೇಮಿಗೆ ಒಂದೊಂದು ಬಗೆ, ಬೇರೆಯದು ಕೂರುವುದಿಲ್ಲ. ಅಲ್ಲಿದ್ದ ಮೆಕ್ಯಾನಿಕ್ ಅಣ್ಣ ಅದನ್ನು ನೆಟ್ಟಗೆ ಮಾಡೋಕೆ ಹೋದರು, ಅದು ಸೀಳು ಬಿಟ್ಟಿತು. ಆಗ ಅವರು ಮೈದಾನವೆಲ್ಲ ಸುತ್ತಿ, ನನ್ನದೇ ಮಾದರಿಯ ಸೈಕಲ್ ಇದ್ದ ಇನ್ನೊಬ್ಬ ಸ್ಪರ್ಧಿಯನ್ನು ಹುಡುಕಿ ತಂದರು. ಅವರು ನನ್ನದೇ ವಿಭಾಗದವರು. ಟೈಮ್ ಟ್ರಯಲ್‌ನಲ್ಲಿ ನನ್ನ ಸಮಯಕ್ಕೂ ಅವರದಕ್ಕೂ ಕೆಲವೇ ಸೆಕೆಂಡ್ ವ್ಯತ್ಯಾಸ. ಬ್ಯಾಗ್ ತೆರೆದು, ತಮ್ಮ ಹತ್ತಿರ ಇದ್ದ ಒಂದೇ ಒಂದು ಸ್ಪೇರ್ ಹ್ಯಾಂಗರ್ ತೆಗೆದು ಕೊಟ್ಟರು. "ನಾಳೆ ನಿಮಗೇ ಬೇಕಾದರೆ?" ಅಂತ ಕೇಳಿದೆ. "ಇವತ್ತು ನಿಮಗೆ ಬೇಕಲ್ಲ" ಅಂದರು. ಭಾನುವಾರ ಅವರು ನನಗಿಂತ ಮುಂದೆ ಬಂದರು. ನನಗೆ ಸಂತೋಷವಾಯಿತು, ನಿಜವಾಗಿ.

ಫೀಡ್ ಝೋನ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಅಲ್ಲಿ ನಿಲ್ಲುವವರ ಕಷ್ಟ ಯಾರಿಗೂ ಕಾಣಿಸುವುದಿಲ್ಲ. ರೇಸ್ ನಡೆಯುವಾಗ ಹೊರಗಿನವರು ನಮಗೆ ನೀರು ಕೊಡಬಹುದಾದ ಜಾಗ ಅದೊಂದೇ. ಬೇರೆ ಎಲ್ಲಿ ಕೊಟ್ಟರೂ ತಪ್ಪು. ನನ್ನ ತಮ್ಮ ಈ ಕೆಲಸಕ್ಕಾಗಿಯೇ ರಜೆ ಹಾಕಿ ಬಂದಿದ್ದ. ಬಾಟಲಿಯನ್ನು ಕುತ್ತಿಗೆಯ ಹತ್ತಿರ ಎರಡೇ ಬೆರಳಲ್ಲಿ ಹಿಡಿಯಬೇಕು. ಬಿಗಿಯಾಗಿ ಹಿಡಿದರೆ ನನ್ನ ಕೈಗೆ ಬರುವುದಿಲ್ಲ, ಸಡಿಲ ಬಿಟ್ಟರೆ ನೆಲಕ್ಕೆ. ಕೈ ಚಾಚಿ, ನಾನು ಹತ್ತಿರ ಬರುವವರೆಗೂ ಕದಲದೆ ನಿಂತಿರಬೇಕು. ನಾನು ಹಳೇ ಬಾಟಲಿ ಎಸೆಯುತ್ತೇನೆ, ಅದನ್ನು ಎತ್ತಿಕೊಂಡು ತುಂಬಿಸಿ, ಮುಂದಿನ ಲ್ಯಾಪ್‌ಗೆ ರೆಡಿ ಇರಬೇಕು. ನಡುವೆ ಸ್ಟಾಪ್‌ವಾಚ್ ನೋಡಬೇಕು. ಇಷ್ಟನ್ನೂ ಬಿಸಿಲಲ್ಲಿ, ಧೂಳು ತಿನ್ನುತ್ತಾ ಮಾಡಿದ. ಒಂದು ಬಾಟಲಿಯೂ ಕೆಳಗೆ ಬೀಳಲಿಲ್ಲ. ಮೂರನೇ ಲ್ಯಾಪ್‌ನಲ್ಲಿ ಹಿಂದೆ ಬಿದ್ದಾಗ "ಎಂಟೂವರೆ ನಿಮಿಷ ಅಕ್ಕ, ಇದೇ ಸ್ಪೀಡ್ ಸಾಕು" ಅಂತ ಕೂಗಿದ. ಅದೊಂದು ಮಾತು ನನ್ನ ತಲೆಯೊಳಗಿನ ಗಲಾಟೆ ನಿಲ್ಲಿಸಿತು. ಪುಟ್ಟಾ, ನಿನಗೆ ಯಾವ ಥ್ಯಾಂಕ್ಸೂ ಸಾಲದು.

ನಾಲ್ಕನೇ ಲ್ಯಾಪ್‌ನ ದೊಡ್ಡ ಏರು. ಗಾಳಿ ಎದುರಿಗೆ. ಹಿಂದಿನ ಚಕ್ರ ಜಲ್ಲಿಯಲ್ಲಿ ಜಾರುತ್ತಿತ್ತು. ಸೈಕಲ್‌ನಿಂದ ಇಳಿದು ತಳ್ಳಿದರೆ ಆ 12 ನಿಮಿಷ ಮುಗಿದು ಹೋಗುತ್ತಿತ್ತು. ಮೇಲೆ, ಹೊಲದ ಬದುವಿನ ಮೇಲೆ, ಊರಿನ ನಾಲ್ಕೈದು ಹೆಂಗಸರು ಸೆರಗು ತಲೆಗೆ ಹಾಕಿಕೊಂಡು ಕೂತಿದ್ದರು. ಮೊದಲ ಲ್ಯಾಪ್‌ನಲ್ಲಿ ಸುಮ್ಮನೆ ನೋಡುತ್ತಿದ್ದವರು ಈಗ ಎದ್ದು ನಿಂತಿದ್ದರು. ಒಬ್ಬ ಅಜ್ಜಿ ದಾರಿಯ ಪಕ್ಕಕ್ಕೇ ಬಂದು, "ಬಿಡಬ್ಯಾಡ ನನ್ನವ್ವ, ಇನ್ನೊಂದೀಟ ತುಳಿ!" ಅಂತ ಕೂಗಿದರು. ತುಳಿದೆ. ಇಳಿಯಲಿಲ್ಲ. ಲ್ಯಾಪ್ ಮುಗಿದಾಗ ಲೀಡರ್‌ಗಿಂತ 11 ನಿಮಿಷ ಚಿಲ್ಲರೆ ಹಿಂದಿದ್ದೆ. ಅಧಿಕಾರಿ ಗಡಿಯಾರ ನೋಡಿ, ಮುಂದಕ್ಕೆ ಹೋಗು ಅಂತ ಕೈ ಬೀಸಿದರು. ಐದನೇ ಲ್ಯಾಪ್ ಶುರುವಾಯಿತು. ಕಣ್ಣು ಒದ್ದೆಯಾಗಿತ್ತು, ಧೂಳಿನಿಂದ ಅಲ್ಲ.

ರೇಸ್ ಮುಗಿದ ಮೇಲೆ ಆ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಅಷ್ಟರಲ್ಲಿ ಅವರು ಹೊರಟು ಹೋಗಿದ್ದರು. ಆ ಊರಿನವರು ಯಾರಾದರೂ ಇದನ್ನು ಓದಿದರೆ ಅವರಿಗೆ ತಿಳಿಸಿ: ನೀಲಿ ಜೆರ್ಸಿಯ ಹುಡುಗಿ ಕೊನೆಯವರೆಗೂ ತುಳಿದಳು.

ಹೊಲದ ಅಂಚಿನಲ್ಲಿ ಟೇಪ್ ಕಟ್ಟೋಕೆ ಒಪ್ಪಿದ ರೈತರಿಗೆ, ಪ್ರತಿ ತಿರುವಿನಲ್ಲೂ ಬಾವುಟ ಹಿಡಿದು ನಿಂತ ಕಾಲೇಜು ಹುಡುಗರಿಗೆ, ದಾರಿಯ ಜಾಲಿ ಮುಳ್ಳನ್ನು ಬೆಳಗ್ಗೆಯೇ ಗುಡಿಸಿದವರಿಗೆ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಹೊಟ್ಟೆ ತುಂಬಾ ಬಡಿಸಿದ ಖಾನಾವಳಿಯ ಅಕ್ಕನಿಗೆ, ಎರಡು ದಿನ ನನ್ನ ಮಗಳನ್ನು ನೋಡಿಕೊಂಡ ಅತ್ತೆಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಒಂದು ಕೆಲಸ ಬಾಕಿ ಇದೆ. ಆ ಹಾಸ್ಟೆಲ್ ಹುಡುಗಿಯರಲ್ಲಿ ಕೆಲವರು ನೂಲು ಕಾಣುವಷ್ಟು ಸವೆದ ಟೈರ್‌ನಲ್ಲಿ ರೇಸ್ ಮಾಡುತ್ತಿದ್ದಾರೆ. ಆ ಕಲ್ಲಿನಲ್ಲಿ ಅದು ಅಪಾಯ. ಅವರ ಕೋಚ್ ಜೊತೆ ಮಾತಾಡಿದ್ದೇನೆ, ನನ್ನ ಹತ್ತಿರ ಇದ್ದ ಒಂದು ಜೊತೆ ಟೈರ್, ತೂತು ಮುಚ್ಚುವ ಸೀಲೆಂಟ್ ಕಳಿಸಿದ್ದೇನೆ. ನಿಮ್ಮ ಮನೆಯಲ್ಲಿ 29 ಇಂಚಿನ ಒಳ್ಳೆ ಟ್ಯೂಬ್‌ಲೆಸ್ ಟೈರ್, ಬ್ರೇಕ್ ಪ್ಯಾಡ್, ಚೈನ್ ಸುಮ್ನೆ ಬಿದ್ದಿದ್ದರೆ ನನಗೆ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಅವರ ಮುಂದಿನ ರೇಸ್‌ಗೆ ಫೀಡ್ ಝೋನ್‌ನಲ್ಲಿ ಬಾಟಲಿ ಹಿಡಿಯೋಕೆ ನಾನೂ ತಮ್ಮನೂ ಹೋಗುತ್ತಿದ್ದೇವೆ. ಕಾರಿನಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ.