ಹವಳದ ಮೇಲೆ ಲಂಗರು ಬೇಡ

ಮಾನ್ಯರೇ,

ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಹವಳದ ಮೇಲೆ ದೋಣಿಗಳು ಲಂಗರು ಹಾಕುವುದನ್ನು ನಿಲ್ಲಿಸಬೇಕು. ಕಳೆದ ಡಿಸೆಂಬರಿನಲ್ಲಿ ಉಡುಪಿಯಿಂದ ನಾವು ನಾಲ್ವರು ಸ್ಕೂಬಾ ಡೈವಿಂಗ್‌ಗೆ ಹೋಗಿದ್ದೆವು. ಗಿಳಿಮೀನು ಕಂಡ ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಲಂಗರಿನ ಹಗ್ಗದ ಬುಡದಲ್ಲೇ ಊಟದ ತಟ್ಟೆಯಷ್ಟು ಅಗಲದ ಹವಳವೊಂದು ಮುರಿದು ಮಗುಚಿ ಬಿದ್ದಿತ್ತು. ಮುರಿದ ಜಾಗ ಸುಣ್ಣದ ಹಾಗೆ ಬೆಳ್ಳಗಿತ್ತು. ಗುಂಡು ಹವಳ ವರ್ಷಕ್ಕೆ ಬೆಳೆಯುವುದೇ ಸುಮಾರು 1 ಸೆಂ.ಮೀ. ಕಡಲು ಬಿಸಿಯಾಗಿ ಹವಳ ಬಿಳಿಚುವುದನ್ನು (2024ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಅದೇ) ನಾವು ಇಲ್ಲಿ ಕೂತು ತಡೆಯಲಾಗದು. ಲಂಗರಿನ ಏಟನ್ನಾದರೂ ತಪ್ಪಿಸಬಹುದಲ್ವಾ? ಡೈವಿಂಗ್ ನಡೆಯುವ ಎಲ್ಲ ಕಡೆ ಕಾಯಂ ಬೋಯ್ (ತಳಕ್ಕೆ ಬಿಗಿದ ತೇಲುಗುಂಡು) ಇರಿಸಿ, ದೋಣಿಗಳು ಅದಕ್ಕೇ ಹಗ್ಗ ಕಟ್ಟುವಂತೆ ಪ್ರವಾಸೋದ್ಯಮ ಇಲಾಖೆ ನಿಯಮ ಮಾಡಲಿ. ಮಳೆಗಾಲ ಮುಗಿದು ಸೀಸನ್ ಶುರುವಾಗುವ ಮೊದಲೇ ಆದರೆ ಒಳ್ಳೆಯದು.

– ಓದುಗ, ಮಲ್ಪೆ