ಹೂಳಿನ ಮಾದರಿ: ಪ್ಲಾಸ್ಟಿಕ್ ಮುಟ್ಟಿಸಬೇಡಿ

ಸದಸ್ಯರ ಗಮನಕ್ಕೆ: ಎಲೆಮೇಣದ ಆಲ್ಕೇನ್‌ (ಹಳೆಯ ಹವಾಮಾನದ ಸುಳಿವು ಕೊಡುವ, ಇಂಗಾಲ-ಜಲಜನಕದ ಸರಪಳಿ ಅಣು) ಅಳೆಯಬೇಕಾದ ಕೆರೆಹೂಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಲೇಬೇಡಿ. ಚೀಲದಿಂದ ಥ್ಯಾಲೇಟ್ (ಪ್ಲಾಸ್ಟಿಕ್ ಮೆದುಗೊಳಿಸುವ ರಾಸಾಯನಿಕ) ಇಳಿದು, ಬೇರ್ಪಡಿಸಿದ ಅಣುಗಳನ್ನು ಶಿಖರಗಳಾಗಿ ತೋರಿಸುವ ನಕ್ಷೆಯಾದ ಕ್ರೊಮ್ಯಾಟೋಗ್ರಾಮ್‌ನಲ್ಲಿ ದೊಡ್ಡ ಶಿಖರವಾಗಿ ಕೂರುತ್ತದೆ, ಪಕ್ಕದ ಸಣ್ಣವು ಮುಚ್ಚಿಹೋಗುತ್ತವೆ. 450 ಡಿಗ್ರಿಯಲ್ಲಿ 4 ಗಂಟೆ ಕಾಯಿಸಿದ ಅಲ್ಯೂಮಿನಿಯಂ ಫಾಯಿಲ್ ಸಾಕು. ಹೂಳನ್ನು ತಕ್ಷಣ ಮೈನಸ್ 20 ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಿಸಿಯೇ ನಿರ್ವಾತದಲ್ಲಿ ಒಣಗಿಸುವ ಫ್ರೀಜ್ ಡ್ರೈಯರ್‌ನಲ್ಲೇ ಒಣಗಿಸಿ. ಬಿಸಿಲಿಗೆ ಹರಡುವುದು ಬೇಡವೇ ಬೇಡ.

ಒಣಗಿದ ಹೂಳಿನಿಂದ ಮೇಣವನ್ನು ಡೈಕ್ಲೋರೋಮೀಥೇನ್-ಮೆಥನಾಲ್ 9:1 ದ್ರಾವಕ ಮಿಶ್ರಣದಲ್ಲಿ ಕರಗಿಸಿ ತೆಗೆಯಿರಿ, ಫ್ಯೂಮ್ ಹುಡ್ (ವಿಷಗಾಳಿ ಹೊರಗೆಳೆಯುವ ಗೂಡು) ಒಳಗೇ. ಕೊಳೆತ ಮೊಟ್ಟೆ ವಾಸನೆಯ ಕಪ್ಪು ಹೂಳಾದರೆ ಗಂಧಕ ಹಿಡಿಯಲು ಆಮ್ಲದಲ್ಲಿ ತೊಳೆದ ತಾಮ್ರದ ಚೂರು ಹಾಕಿ. ಪ್ರತಿ ಸುತ್ತಿಗೂ ಹೂಳಿಲ್ಲದ ಖಾಲಿ ಮಾದರಿಯೊಂದನ್ನು ಜೊತೆಗೆ ಓಡಿಸಿ.

27, 29, 31 ಇಂಗಾಲದ ಬೆಸ ಸರಪಳಿಗಳು ನಡುವಿನ ಸಮಸಂಖ್ಯೆಯವಕ್ಕಿಂತ ಎದ್ದು ಕಂಡರೆ ನೆಲದ ಗಿಡಗಳ ಮೇಣ. ಎರಡೂ ಸಮಸಮ ಇದ್ದರೆ ಹವಾಮಾನದ ಕಥೆ ಕಟ್ಟುವ ಮೊದಲು ದೋಣಿಯ ಎಂಜಿನ್ ಎಣ್ಣೆ, ಗ್ರೀಸ್ ಬೆರೆತಿದೆಯೇ ನೋಡಿ.