ಪುಣೆದಾಗ ಬಿಯರ್ ಛಲೋ, ಖರ್ಚು ಜಾಸ್ತಿ

ಸಂಪಾದಕರೇ,

ಹುಬ್ಬಳ್ಳಿ ಬಿಟ್ಟು ಪುಣೆಗೆ ಬಂದು ಹನ್ನೊಂದು ವರ್ಷ ಆತ್ರಿ, ಊರಿಗೆ ಹೋದಾಗೆಲ್ಲ ದೋಸ್ತರು ಕೇಳೋದು ಒಂದ, ಅಲ್ಲೇನೈತಿ ಅಂತ. ಟ್ರಾಫಿಕ್ ಐತಿ, ಬಾಡಿಗಿ ಐತಿ, ಬ್ಯಾಸಿಗ್ಯಾಗ ಟ್ಯಾಂಕರ್ ನೀರೂ ಐತಿ, ಆದ್ರ ಛಲೋ ಬಿಯರ್ ಐತಿ ಅಂತೀನಿ. ತಾವ ಬಿಯರ್ ತಯಾರ ಮಾಡಿ ಕೊಡೋ ಡೂಲಾಲಿ ಅನ್ನೋ ಮೈಕ್ರೋಬ್ರೂವರಿ 2009ರಾಗ ಶುರುವಾಗಿದ್ದು ಇದ ಊರಾಗ. ಅಂಥಾ ಕಡೆ ಗೋಧಿ ಬಿಯರ್ ಕುಡದ್ರ ಬಾಳೆಹಣ್ಣು, ಲವಂಗದ ವಾಸ್ನಿ ಬರ್ತೈತಿ, ಯಾರೂ ಹಣ್ಣು ಹಾಕಿರಂಗಿಲ್ಲ ಮತ್ತ, ಅದೆಲ್ಲಾ ಯೀಸ್ಟಿನ ಕೆಲಸ! ಬಾಟ್ಲಿ ಸ್ಟ್ರಾಂಗ್ ಬಿಟ್ರ ಬ್ಯಾರೆ ಗೊತ್ತಿಲ್ಲದ ನನಗ ಇದು ತಿಳಿಯಾಕ ಮೂವತ್ತು ದಾಟಬೇಕಾತು.

ರೇಟು ಮಾತ್ರ ಕೇಳಬ್ಯಾಡ್ರಿ, ಎರಡು ಗ್ಲಾಸಿನ ಬಿಲ್ಲಿನ್ಯಾಗ ನಮ್ಮೂರ ಖಾನಾವಳಿಯೊಳಗ ನಾಕು ಮಂದಿ ರೊಟ್ಟಿ ಊಟ ಮಾಡಿ ಏಳಬಹುದು. ಗೋವಾದಾಗ ತೆರಿಗಿ ಕಡಿಮಿ, ಬಿಯರ್ ಅಗ್ಗ, ಆದ್ರ ಪರ್ಮಿಟ್ ಇಲ್ದ ಇಲ್ಲಿಗೆ ತರಂಗಿಲ್ಲ. ಅಷ್ಟ ಅಲ್ಲ, 1949ರ ಪಾನನಿಷೇಧ ಕಾಯ್ದೆ ಪ್ರಕಾರ ಮಹಾರಾಷ್ಟ್ರದಾಗ ಕುಡ್ಯಾಕೂ ಪರ್ಮಿಟ್ ಬೇಕು, ಇದನ್ನ ಹೇಳಿದ್ರ ಹುಬ್ಬಳ್ಳಿ ಮಂದಿ ನಗ್ತಾರ.

ನಿಮ್ಮ ಪೇಪರಿನ್ಯಾಗ ಬಿಯರ್ ಅಂದ್ರ ಬರೇ ರೇಡ್ ಸುದ್ದಿನ ಬರ್ತಾವು, ಒಮ್ಮೆ ರುಚಿ ಬಗ್ಗೆನೂ ಬರೀರಲ್ಲ.

– ಒಬ್ಬ ಓದುಗ, ಕೋಥರೂಡ, ಪುಣೆ